ಹನ್ನೊಂದನೇ ಕೊಟ್ಟಿಗೆ

ನನ್ನ ಗಂಡನಿಗೆ ಕುಡಿತದ ಚಟವಿಲ್ಲ, ಇಸ್ಪೀಟಿನ ಚಟವೂ ಇಲ್ಲ. ಇರುವುದು ಒಂದೇ, ದನದ ಕೊಟ್ಟಿಗೆಯ ಚಟ. ಹಳೇ ಕೊಟ್ಟಿಗೆಯೊಂದು ಕಣ್ಣಿಗೆ ಬಿದ್ದರೆ ಸಾಕು, ಮದುವೆಯ ಫೋಟೋ ತೆಗೆಯಲು ಹೊರಟ ಮನುಷ್ಯ ಮದುವೆ ಮರೆತು ಅದರ ಮುಂದೆ ನಿಂತುಬಿಡುತ್ತಾರೆ. ಬೇರೆಯವರ ಗಂಡಂದಿರು ಎತ್ತು ನೋಡಿ ಬಾಯಿ ಬಿಡುತ್ತಾರೆ; ನಮ್ಮವರು ಎತ್ತು ಕಟ್ಟುವ ಗೂಟ ನೋಡಿ ಬಾಯಿ ಬಿಡುತ್ತಾರೆ.

ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಸ್ಟುಡಿಯೋ. ಬೋರ್ಡಿನ ಮೇಲೆ ಇರುವುದು ಅವರ ಹೆಸರು, ಸೋಮಶೇಖರ್. ಒಳಗೆ ದುಡಿಯುವವಳು ನಾನು, ಗುರುಬಸಮ್ಮ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರ ತಲೆ ಬಾಚಿಸುವುದು, ಕತ್ತಲ ಕೋಣೆಯಲ್ಲಿ ಟ್ರೇ ಅಲ್ಲಾಡಿಸುವುದು, ಪ್ರಿಂಟು ಒಣಗಿಸುವುದು ಎಲ್ಲಾ ನನ್ನದೇ. ಮದುವೆಗೆ ಕಲರ್ ರೋಲು. ಅದನ್ನು ತೊಳೆಸಲು ಹೊಸಪೇಟೆಗೆ ಕಳಿಸಬೇಕು. ಪಾಸ್‌ಪೋರ್ಟ್ ಫೋಟೋಕ್ಕೆ ಹಳೇ ಕ್ಯಾಮೆರಾ, ಬ್ಲ್ಯಾಕ್ ಅಂಡ್ ವೈಟ್ ರೋಲು. ಅದನ್ನು ನಾವೇ ತೊಳೆಯುತ್ತೇವೆ. ಆ ರೋಲಿನ ಕೊನೆಗೆ ಉಳಿಯುವ ಮೂರೋ ನಾಲ್ಕೋ ಫೋಟೋ ಕೊಟ್ಟಿಗೆಗಳ ಪಾಲು. ಹಾಗಾಗಿ ಅವರು ಎಲ್ಲಿಗೆ ಹೋದರೂ ಹೆಗಲಿಗೆ ಎರಡು ಕ್ಯಾಮೆರಾ.

"ಮದುವಿ ಫೋಟೋದೋರಿಗೆ ಕೊಟ್ಟಿಗಿ ಯಾಕ್ರೀ?" ಎಂದು ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ.

"ಇನ್ನ ಸ್ವಲ್ಪ ದಿನಕ್ಕ ಎಲ್ಲಾ ತಗಡಿನ ಶೆಡ್ ಆಗ್ತಾವ ಬಸಮ್ಮಾ. ಒಂದು ಫೋಟೋನಾರ ಇರ್ಲಿ" ಅನ್ನುತ್ತಾರೆ.

"ಇದ್ದು ಏನು ಮಾಡ್ತೈತಿ?" ಅಂದರೆ ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ನಿಲ್ಲುತ್ತಾರೆ.

ಅವರದೊಂದು ಪದ್ಧತಿ ಇತ್ತು. ಪ್ರಿಂಟು ಹಾಕಿದ ಮೇಲೆ ಎಲ್ಲ ಕೊಟ್ಟಿಗೆಗಳೂ ಒಂದೇ ತರ ಕಾಣುತ್ತವೆ, ಯಾವುದು ಯಾವ ಊರಿನದೆಂದು ಗೊತ್ತಾಗುವುದಿಲ್ಲ. ಅದಕ್ಕೆ ಜೇಬಿನಲ್ಲಿ ಒಂದು ಸೀಮೆಸುಣ್ಣದ ಕಡ್ಡಿ. ಬಾಗಿಲ ಚೌಕಟ್ಟಿನ ಮೇಲೆ ದೊಡ್ಡದಾಗಿ ನಂಬರ್ ಬರೆದು ಫೋಟೋ ತೆಗೆಯುವುದು, ಆಮೇಲೆ ಕರ್ಚೀಫಿನಿಂದ ಒರೆಸಿಬಿಡುವುದು. ಆ ಕರ್ಚೀಫು ಒಗೆಯುವವಳೂ ನಾನೇ ಎಂದು ಬೇರೆ ಹೇಳಬೇಕಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ತಂಬ್ರಹಳ್ಳಿಯ ಆಚೆ, ಡ್ಯಾಮಿನ ಹಿನ್ನೀರಿನ ಕಡೆ ಇರುವ ಒಂದು ಸಣ್ಣ ಹಳ್ಳಿಗೆ ಮದುವೆಗೆ ಹೋಗಿದ್ದೆವು. ಹೆಣ್ಣಿನ ಕಡೆಯವರು ಬೇಕಾದವರು, ಊಟಕ್ಕೆ ನನ್ನನ್ನೂ ಕರೆದಿದ್ದರು. ಅಕ್ಷತೆ ಮುಗಿದು ಎಲ್ಲರೂ ಪಂಕ್ತಿಗೆ ಕೂತರೆ ನಮ್ಮವರು ಕಾಣಲಿಲ್ಲ. ಎಲ್ಲಿದ್ದಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಓಣಿಯ ಕೊನೆಗೆ ಮಣ್ಣಿನ ಮಾಳಿಗೆಯೇ ಸೂರಾಗಿದ್ದ ಕೊಟ್ಟಿಗೆ, ಅದರ ಮುಂದೆ ಕಾಲು ಅಗಲಿಸಿ ನಿಂತಿದ್ದರು. ಚೌಕಟ್ಟಿನ ಮೇಲೆ ಆಗಲೇ ಹನ್ನೊಂದು ಎಂದು ಬರೆದಾಗಿತ್ತು.

"ನೋಡ ಇಲ್ಲಿ. ದನಾ ಕಟ್ಟೋ ಜಾಗಕ್ಕ ಎಂಥಾ ಕಂಬ" ಎಂದರು.

ನಿಜ ಹೇಳಬೇಕೆಂದರೆ ಕಂಬ ಚೆನ್ನಾಗಿತ್ತು. ಸಾಗುವಾನಿಯ ದಪ್ಪ ಕಂಬಗಳು, ತೊಲೆ ಕೂರುವ ತಲೆಯ ಭಾಗದಲ್ಲಿ ಗಿಳಿ ಕೆತ್ತಿದ್ದರು. ಆ ಗಿಳಿಗಳ ಕೆಳಗೆ ಒಂದು ಎಮ್ಮೆ ಮೆಲುಕು ಹಾಕುತ್ತಾ ಮಲಗಿತ್ತು. ಮನೆಯ ಯಜಮಾನ ಜಂಬಣ್ಣ ಅದೇ ಮದುವೆಯಲ್ಲಿ ಬಡಿಸಲು ಓಡಾಡುತ್ತಿದ್ದ. ಅವನನ್ನು ಕೇಳಿದ್ದಕ್ಕೆ, "ತಕ್ಕಳ್ರಿ, ಅದ್ರಾಗೇನೈತಿ" ಎಂದು ಸಾರಿನ ಬಕೆಟ್ ಹಿಡಿದು ಹೋಗಿದ್ದನಂತೆ. ಇವರು ಎರಡು ಫೋಟೋ ತೆಗೆದರು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅದು ಬಿಟ್ಟರೆ ಸಂಜೆಯವರೆಗೆ ಬೇರೆ ಬಸ್ಸಿಲ್ಲ. ಇವರು ಕ್ಯಾಮೆರಾ ಹಿಡಿದು, ನಾನು ಸೀರೆ ಹಿಡಿದು ಓಡಿದೆವು. ನಂಬರ್ ಚೌಕಟ್ಟಿನ ಮೇಲೆಯೇ ಉಳಿಯಿತು.

ನಾಲ್ಕೈದು ದಿನ ಕಳೆದ ಮೇಲೆ ಜಂಬಣ್ಣ ಸ್ಟುಡಿಯೋಕ್ಕೆ ಬಂದ. ತಲೆ, ಮೀಸೆ, ಹೆಗಲ ಮೇಲಿನ ಟವೆಲು ಎಲ್ಲ ಮಣ್ಣು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದಿರಬೇಕೆಂದು ನಾನು ಬಾಚಣಿಗೆ ಕೈಗೆ ತಗೊಂಡೆ.

"ಫೋಟೋ ತೆಗಿಸಾಕ ಬಂದಿಲ್ಲ ಅಕ್ಕಾರ" ಎಂದ. "ಸೋಮಣ್ಣಾರು ನಮ್ಮ ಕೊಟ್ಟಿಗಿಗೆ ನಂಬರ್ ಬರದು ಬಂದಾರ. ನಮ್ಮವ್ವ ಅದನ್ನ ನೋಡ್ಯಾಳ. ಊರಿಗೆ ಮತ್ತ ನೀರು ಬಿಡ್ತಾರ ಅಂತ ಕುಂತಾಳ."

ನಮ್ಮವರು ಒಳಗಿನಿಂದ ಬಂದು, "ನೀರ?" ಎಂದರು.

"ಡ್ಯಾಮಿನ ನೀರ್ರಿ. ಹಳೇ ಊರು ಮುಳುಗಿದಾಗ ಹಿಂಗಾ ನಂಬರ್ ಬರದು ಫೋಟೋ ತಕ್ಕೊಂಡು ಹೋಗಿದ್ರಂತ. ಅದಕ್ಕ ಈಗ ಕೊಟ್ಟಿಗಿ ಬಿಚ್ಚಾಕ ಹತ್ಯಾಳ. ನಾನು ಬ್ಯಾಡಂದ್ರ ತಾನಾ ಗುದ್ದಲಿ ತಗೊಂಡು ಮಾಳಿಗಿ ಹತ್ಯಾಳ. ಅರವತ್ತು ದಾಟಿದ ಮುದುಕಿ, ಬಿದ್ರ ಏನು ಗತಿ ಅಂತ ನಾನೂ ಹತ್ತೀನಿ. ಅರ್ಧ ಮಾಳಿಗಿ ಬಿಚ್ಚೇವಿ. ಆಕಿ ನಿದ್ದಿ ಮಾಡಿಲ್ಲ, ನಮಗೂ ಮಾಡಾಕ ಬಿಟ್ಟಿಲ್ಲ."

"ಮದುವಿ ಫೋಟೋದೋರು ಅಂತ ಹೇಳ್ಬೇಕಿಲ್ಲೋ" ಎಂದೆ ನಾನು.

"ಹೇಳ್ದೆ ಅಕ್ಕಾರ. ಮದುವಿ ಫೋಟೋದೋನಿಗೆ ಕೊಟ್ಟಿಗಿ ಯಾಕ ಬೇಕು ಅಂತಾಳ. ಏನು ಹೇಳ್ಲಿ?"

ನಾನು ನಮ್ಮವರ ಕಡೆ ತಿರುಗಿ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಸ್ಟುಡಿಯೋಕ್ಕೆ ಬೀಗ ಹಾಕಿ ಮೂವರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಅವರನ್ನು ಬೈದೆ. ಬೈಯುವಾಗಲೇ ಒಳಗೆ ನಗುವೂ ಬರುತ್ತಿತ್ತು. ಹೋಗಿ, ನಂಬರ್ ಅಳಿಸಿ, ಮುದುಕಿಗೆ ಎರಡು ಮಾತು ಹೇಳಿ ಚಹಾ ಕುಡಿದು ಬಂದರಾಯಿತು ಎಂದುಕೊಂಡಿದ್ದೆ.

ಕೊಟ್ಟಿಗೆ ನೋಡಿದ ಮೇಲೆ ನಗು ಹೋಯಿತು. ಮುಂದಿನ ಅರ್ಧಕ್ಕೆ ಮಾಳಿಗೆಯೇ ಇರಲಿಲ್ಲ. ತೊಲೆಯ ಮೇಲೆ ಅಡ್ಡ ಹಾಕಿದ್ದ ಜಂತಿಗಳನ್ನು ಕಿತ್ತು ಬಂಡಿಗೆ ಹೇರಿದ್ದರು. ಎಮ್ಮೆ ಹೊರಗೆ ಬೇವಿನ ಮರದ ಕೆಳಗೆ ನಿಂತಿತ್ತು. ಓಣಿಯವರಲ್ಲಿ ಕೆಲವರು ಆಗಲೇ ಗಾಬರಿಯಾಗಿದ್ದರು. ಇನ್ನು ಕೆಲವರ ಲೆಕ್ಕಾಚಾರವೇ ಬೇರೆ. ಪಕ್ಕದ ಮನೆಯ ಚೌಡಣ್ಣ ನಮ್ಮವರ ಕೈ ಹಿಡಿದು, "ಸಾಹೇಬ್ರ, ನಮ್ಮ ಮನಿಗೂ ಒಂದು ನಂಬರ್ ಬರೀರಿ, ಪರಿಹಾರದಾಗ ನಾವೊಬ್ರಾ ಬಿಟ್ಟು ಹೋದೇವು" ಎಂದು ಗೋಗರೆದ. ಅವನನ್ನು ದಾಟಿ ಒಳಗೆ ಹೋಗುವಷ್ಟರಲ್ಲಿ ಸಾಕಾಯಿತು.

ಜಂಬಣ್ಣನ ತಾಯಿ ಹುಲುಗಮ್ಮ ನಡುವಿನ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ತೆಳ್ಳನೆಯ ಹೆಂಗಸು, ಕಣ್ಣು ಕೆಂಪಾಗಿದ್ದವು. ಸಿಟ್ಟಿನಿಂದ ಬೈಯುತ್ತಾಳೆಂದು ನಾನು ತಯಾರಾಗಿ ಬಂದಿದ್ದೆ. ಅವಳು ನಮ್ಮನ್ನು ನೋಡಿ, "ಬರ್ರಿ, ಕುಂದರ್ರಿ" ಎಂದು ಸೊಸೆ ದ್ಯಾಮಕ್ಕನಿಗೆ ನೀರು ತರಲು ಹೇಳಿದಳು.

ನಮ್ಮವರು ಎಲ್ಲವನ್ನೂ ಹೇಳಿದರು. ತಾವು ಸರ್ಕಾರದವರಲ್ಲ, ಕೊಟ್ಟಿಗೆ ಅಂದರೆ ತಮಗೆ ಹುಚ್ಚು, ನಂಬರ್ ತಮ್ಮ ಗುರ್ತಿಗೆ ಬರೆದದ್ದು. ಹೇಳುತ್ತಲೇ ಎದ್ದು ಕರ್ಚೀಫಿನಿಂದ ಹನ್ನೊಂದನ್ನು ಒರೆಸಿದರು.

ಹುಲುಗಮ್ಮ ನೋಡುತ್ತಾ ಕೂತಿದ್ದವಳು, "ನಮ್ಮ ಮಾವನೂ ಅಳಿಸಿದ್ದನಪ್ಪ" ಎಂದಳು. "ನೀರೇನು ನಂಬರ್ ನೋಡಿ ಬರ್ತೈತೇನು?"

"ಮೈಲಾರಲಿಂಗನ ಆಣಿ ಅವ್ವಾ, ನೀರು ಬರಂಗಿಲ್ಲ" ಎಂದರು ಇವರು.

"ಆಣಿ ಹಾಕ್ಬ್ಯಾಡ. ನೀನು ಸಣ್ಣೋನು. ಬರದು ಬಾ ಅಂತ ಕಳಿಸಿರ್ತಾರ, ಯಾಕ ಅಂತ ನಿನಗೂ ಹೇಳಿರಂಗಿಲ್ಲ."

ನಾನು ಅವಳ ಪಕ್ಕ ಹೋಗಿ ಕೂತೆ. ಆಗ ಅವಳು ನನ್ನ ಕಡೆ ತಿರುಗಿ ಹೇಳತೊಡಗಿದಳು.

"ನಾನು ಮದಿವ್ಯಾಗಿ ಬಂದು ವರ್ಷ ಆಗಿತ್ತವಾ, ಹಳೇ ಊರಿಗೆ. ಒಬ್ಬ ಪ್ಯಾಂಟಿನ ಸಾಹೇಬ ಬಂದ. ಚೌಕಟ್ಟಿಗೆ ನಂಬರ್ ಬರದ. 'ಬಾಗಲದಾಗ ನಿಂದ್ರಮ್ಮಾ' ಅಂದ. ನಾನು ಹಸಿರು ಬಳಿ ಇಟ್ಕೊಂಡು ನಿಂತೆ. ಫೋಟೋ ತಗದ. ನಿಂದು ನಿನಗ ಕಳಸ್ತೀನಿ ಅಂದ. ಅವ ಹೋದ ಮ್ಯಾಲ ನಮ್ಮ ಮಾವ ನಂಬರ್ ಅಳಿಸಿ, ಏನಾಗಂಗಿಲ್ಲ ಅಂತ ಎಲೆಡಿಕಿ ಹಾಕ್ಕೊಂಡು ಕುಂತ. ಮುಂದಿನ ಮಳಿಗಾಲಕ್ಕ ನೀರು ಬಂತು. ಬಂಡಿ ಸಿಗ್ಲಿಲ್ಲ. ಅರ್ಧ ತೊಲಿ ತಂದ್ವಿ, ಅರ್ಧ ಕಣ್ಣ ಮುಂದಾ ತೇಲಿ ಹೋದ್ವು. ಈ ಗಿಳಿ ಕಂಬ ಆ ಮನಿಯ ಪಡಸಾಲಿದು. ಇಲ್ಲಿ ಬಂದು ಮತ್ತ ಮನಿ ಕಟ್ಟಾಕ ಆಗ್ಲಿಲ್ಲ, ದನದ ಕೊಟ್ಟಿಗಿಗೆ ನಿಲ್ಲಿಸಿದ್ವಿ. ಈ ಸಲ ನಾನು ಏನಾಗಂಗಿಲ್ಲ ಅಂತ ಕುಂದ್ರಂಗಿಲ್ಲ."

ಕಂಬದ ಮೇಲೆ ಕೈಯಾಡಿಸುತ್ತಾ ಹೇಳುತ್ತಿದ್ದಳು. ನನಗೆ ಅಳು ಬಂತು. ಬಸ್ಸಿನಲ್ಲಿ ನಕ್ಕಿದ್ದು ನೆನಪಾಗಿ ನಾಚಿಕೆಯೂ ಆಯಿತು.

"ಆ ಫೋಟೋ ಬಂತೇನವ್ವಾ?" ಎಂದು ಕೇಳಿದೆ.

"ಎಲ್ಲಿಂದ ಬರ್ತೈತಿ? ಸರ್ಕಾರದೋರು ಫೋಟೋ ಒಯ್ತಾರ. ತಂದು ಕೊಟ್ಟೋರು ಅದಾರೇನು?"

ಆಗ ನನಗೆ ಹೊಳೆಯಿತು. ಆಣೆ ಪ್ರಮಾಣ ಎಲ್ಲಾ ಬಿಡಿ, ಈ ಹೆಂಗಸಿಗೆ ಬೇಕಾದ ಸಾಕ್ಷಿ ಯಾವುದೆಂದು ಅವಳೇ ಬಾಯಿಬಿಟ್ಟು ಹೇಳಿದ್ದಳು.

"ನಾವು ತಂದು ಕೊಡ್ತೀವಿ" ಎಂದೆ. "ನಾಳೆ ಮಧ್ಯಾಹ್ನದ ಬಸ್ಸಿಗೆ."

"ಅವನೂ ಹಂಗಾ ಅಂದಿದ್ದ" ಎಂದಳು ಹುಲುಗಮ್ಮ. ತಲೆಯೆತ್ತಿ ನಡುವಿನ ದಪ್ಪ ತೊಲೆ ನೋಡಿ, "ಆತು, ನಾಳೆ ಬಸ್ ಬರೋತನಕ ನಡುತೊಲಿ ಮುಟ್ಟಂಗಿಲ್ಲ. ನೀವು ಇಳೀಲಿಲ್ಲ ಅಂದ್ರ ಇಳಿಸಿಬಿಡ್ತೀವಿ" ಎಂದಳು.

ನಡುತೊಲೆ ಇಳಿದರೆ ಕೊಟ್ಟಿಗೆಯ ಕಥೆ ಮುಗಿದ ಹಾಗೆ ಎಂದು ಜಂಬಣ್ಣ ನಮ್ಮನ್ನು ಬಸ್ಸಿಗೆ ಬಿಡಲು ಬಂದಾಗ ಹೇಳಿದ. ಮಣ್ಣಿನ ಗೋಡೆಗಳು ಅದರ ಹಿಡಿತದಿಂದಲೇ ನಿಂತಿವೆ. ಒಂದು ಮಳೆ ಬಿದ್ದರೆ ಎಲ್ಲಾ ಕುಸಿಯುತ್ತದೆ. ಹೇಳುತ್ತಾ ಅವನು ಪಶ್ಚಿಮಕ್ಕೆ ನೋಡಿದ, ನಾವೂ ನೋಡಿದೆವು. ಮೋಡ ಕಟ್ಟುತ್ತಿತ್ತು.

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ರೋಲು ಇನ್ನೂ ಹಳೇ ಕ್ಯಾಮೆರಾದಲ್ಲಿಯೇ ಇತ್ತು. ತೊಳೆದು ನೆಗೆಟಿವ್ ಒಣಗಲು ತೂಗುಹಾಕಿದೆವು. ಕೊಟ್ಟಿಗೆಯ ಎರಡು ಫೋಟೋಗಳಲ್ಲಿ ಒಂದು ಅಲುಗಾಡಿತ್ತು, ಎಮ್ಮೆಗೆ ಎರಡು ತಲೆ. ಇನ್ನೊಂದು ನೆಟ್ಟಗಿದ್ದ ಹಾಗೆ ಕಂಡಿತು. ಪ್ರಿಂಟು ಹಾಕೋಣವೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಕರೆಂಟಿಲ್ಲದೆ ಪ್ರಿಂಟು ಹಾಕುವ ಯಂತ್ರ ನಡೆಯುವುದಿಲ್ಲ. ಗಾಳಿಗೆ ಎಲ್ಲೋ ಕಂಬ ಬಿದ್ದಿದೆ ಎಂದು ಓಣಿಯಲ್ಲಿ ಸುದ್ದಿ. ನಮ್ಮವರು ಊಟ ಮಾಡಲಿಲ್ಲ. ನಾನು ಊಟ ಮಾಡಿದೆ. ಚಿಂತೆ ಮಾಡಲಿಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ.

ಬೆಳಿಗ್ಗೆ ಹಾಲಿನವನು ಬಂದು ಹೋದರೂ ಕರೆಂಟು ಬರಲಿಲ್ಲ. ಬಿಸಿಲೇರಿತು. ನಮ್ಮವರು ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. "ನೀವು ದಿಟ್ಟಿಸಿ ನೋಡಿದ್ರ ಕರೆಂಟು ನಾಚಿಕ್ಯಾಗಿ ಬರಂಗಿಲ್ಲ, ಈ ಕಡಿ ಬರ್ರಿ" ಎಂದೆ. ಅವರು ಏಳಲಿಲ್ಲ. ಕೊಟ್ಟಿಗೆಯ ಚಿಂತೆಯಲ್ಲಿ ಅವರು ಅಷ್ಟು ಕುಗ್ಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. "ಉಳೀಲಿ ಅಂತ ಫೋಟೋ ತೆಗದೆ ಬಸಮ್ಮಾ, ನಾನಾ ಬೀಳಿಸಿದಂಗಾತು" ಎಂದರು. ಅವರ ಹುಚ್ಚಿನ ಬಗ್ಗೆ ಆಮೇಲೆ ನಾನು ಜೋರಾಗಿ ಬೈಯಲಾರದೆ ಹೋದದ್ದು ಆ ಮಾತಿನಿಂದ.

ಬಸ್ಸಿಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಬಲ್ಬು ಹತ್ತಿತು. ಇಬ್ಬರೂ ಕತ್ತಲ ಕೋಣೆಗೆ ನುಗ್ಗಿದೆವು. ಅವರು ಕಾಗದಕ್ಕೆ ಬೆಳಕು ಬಿಟ್ಟು ನನ್ನ ಟ್ರೇಗೆ ಹಾಕಿದರು. ಕೆಂಪು ದೀಪದಲ್ಲಿ ನಾನು ಟ್ರೇ ಅಲ್ಲಾಡಿಸುತ್ತಾ ನೋಡುತ್ತಿದ್ದೆ. ಮೊದಲು ಬಾಗಿಲಿನ ಕಪ್ಪು ಬಂತು. ಆಮೇಲೆ ತೊಲೆ, ಒಂದರ ಪಕ್ಕ ಒಂದು ಜಂತಿ, ಎಮ್ಮೆಯ ಕೊಂಬು, ಚೌಕಟ್ಟಿನ ಮೇಲೆ ಬೆಳ್ಳಗೆ ಹನ್ನೊಂದು. ಎಲ್ಲಾ ಬಂತು. ಹೋದ ಜೀವ ಬಂದಂತಾಗಿ ಕಾಗದ ಎತ್ತಬೇಕೆನ್ನುವಷ್ಟರಲ್ಲಿ ನಡುಕಂಬದ ಹಿಂದೆ ಇನ್ನೂ ಏನೋ ಮೂಡುತ್ತಿತ್ತು. ಬಗ್ಗಿ ನೋಡಿದೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದ ಒಂದು ಕೈ, ಅರ್ಧ ಮುಖ, ಒಂದು ಕಣ್ಣು.

"ರೀ, ಹುಲುಗಮ್ಮ ಅದಾಳ ಇದ್ರಾಗ" ಎಂದೆ.

ಅವರು ಬಗ್ಗಿದರು. ತೆಗೆಯುವಾಗ ಕತ್ತಲಲ್ಲಿದ್ದ ಅವಳನ್ನು ನಾನೂ ಕಂಡಿರಲಿಲ್ಲ, ಅವರಂತೂ ನೋಡಿಯೇ ಇರಲಿಲ್ಲ. ಇವರ ಕಣ್ಣೆಲ್ಲ ಗಿಳಿಯ ಮೇಲೆ. ಹಿಂದೆ ನಿಂತ ಮನುಷ್ಯರು ಯಾಕೆ ಕಂಡಾರು!

ತೊಳೆದ ಪ್ರಿಂಟು ಒಣಗಿಸಲು ಪುರುಸೊತ್ತಿರಲಿಲ್ಲ. ಪೇಪರಿನಲ್ಲಿ ಸುತ್ತಿಕೊಂಡು ಓಡಿ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದ ಒಬ್ಬ ಯಜಮಾನನ ಕೈಗೆ ಪ್ರಿಂಟು ಕೊಟ್ಟು, ಗಾಳಿಗೆ ಹಿಡಿದುಕೊಳ್ಳಿ ಎಂದೆ. ಅವನು ತಂಬ್ರಹಳ್ಳಿಯವರೆಗೂ ಎರಡು ಕೈಯಲ್ಲಿ ಹಿಡಿದು ಕೂತಿದ್ದು, ಇಳಿಯುವಾಗ, "ಕೊಟ್ಟಿಗಿ ಫೋಟೋ ಯಾಕ ತೆಗೆಸೀರಿ?" ಎಂದು ಕೇಳಿದ. ಅದನ್ನು ನನ್ನನ್ನು ಕೇಳಿ ಏನು ಪ್ರಯೋಜನ, ಇವರನ್ನು ಕೇಳು ಎಂದು ತೋರಿಸಿದೆ.

ನಾವು ಹೋದಾಗ ನಡುತೊಲೆಗೆ ಹಗ್ಗ ಬಿಗಿದಾಗಿತ್ತು. ನಾಲ್ಕು ಜನ ಗೋಡೆಯ ಮೇಲೆ ಹತ್ತಿ ಕೂತಿದ್ದರು. ಜಂಬಣ್ಣ ಕೆಳಗೆ ಹಗ್ಗದ ತುದಿ ಹಿಡಿದು ರಸ್ತೆಯ ಕಡೆ ನೋಡುತ್ತಿದ್ದವನು ನಮ್ಮನ್ನು ಕಂಡು, "ಯವ್ವಾ, ಬಂದ್ರು" ಎಂದ.

ಹುಲುಗಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೋ ತಗೊಂಡಳು. ದೂರ ಹಿಡಿದಳು, ಹತ್ತಿರ ಹಿಡಿದಳು. ಕೊಟ್ಟಿಗೆ ಗುರುತು ಸಿಕ್ಕಿತು, ಎಮ್ಮೆ ಗುರುತು ಸಿಕ್ಕಿತು. ಅವಳ ಭುಜದ ಮೇಲಿಂದ ಇಣುಕಿದ ದ್ಯಾಮಕ್ಕ, "ಅತ್ತೀ, ಕಂಬದ ಹಿಂದ ನೋಡ್ರಿ. ನೀವಾ ಅದೀರಿ" ಎಂದಳು.

ಹುಲುಗಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಜೀವಮಾನದಲ್ಲಿ ಅವಳ ಫೋಟೋ ಎರಡು ಸಲ ತೆಗೆದಿದ್ದರು, ಎರಡೂ ಸಲ ಅದೇ ಕಂಬಗಳ ಹತ್ತಿರ ನಿಂತಿದ್ದಾಗ.

"ಇದು ನನಗಾ?" ಎಂದು ಕೇಳಿದಳು.

"ನಿಮಗಾ ಅವ್ವಾ."

"ಮತ್ತ ವಾಪಸ್ ಒಯ್ಯಂಗಿಲ್ಲ?"

"ಇಲ್ರಿ."

ಅವಳು ಉಸಿರು ಬಿಟ್ಟಳು. ಅಷ್ಟೂ ದಿನ ಹಿಡಿದುಕೊಂಡಿದ್ದನ್ನು ಒಮ್ಮೆಗೇ ಬಿಟ್ಟ ಹಾಗೆ, ಪಕ್ಕದಲ್ಲಿದ್ದ ನನಗೆ ಕೇಳಿಸುವಷ್ಟು. ಆಮೇಲೆ ಮಗನ ಕಡೆ ತಿರುಗಿದಳು. "ಜಂಬಣ್ಣಾ, ಹಗ್ಗ ಬಿಚ್ಚಲೇ. ಇವ್ರು ಸರ್ಕಾರದೋರಲ್ಲ. ತಂದು ಕೊಟ್ಟಾರ."

ಗೋಡೆಯ ಮೇಲಿದ್ದವರು ನಕ್ಕರು. ಜಂಬಣ್ಣ ನಗಲಿಲ್ಲ, ಹಗ್ಗ ಕೆಳಗೆ ಹಾಕಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಮುಖ ಒರೆಸಿಕೊಂಡ. ನನಗಂತೂ ಹೊಟ್ಟೆ ತಣ್ಣಗಾಯಿತು. ಇಷ್ಟು ಹಗುರಾಗಿ ನಾನು ನನ್ನ ಮದುವೆಯ ದಿನವೂ ಇರಲಿಲ್ಲ.

ಮೋಡ ಇನ್ನೂ ಇತ್ತು, ಹಾಗಾಗಿ ಬಂಡಿಯಿಂದ ಜಂತಿ ಇಳಿಸಿ ತಕ್ಷಣ ಮೇಲೇರಿಸತೊಡಗಿದರು. ಗಾಬರಿಯಲ್ಲಿ ಕಿತ್ತಿದ್ದರಿಂದ ಯಾವುದು ಎಲ್ಲಿಯದೆಂದು ಯಾರಿಗೂ ನೆನಪಿರಲಿಲ್ಲ. ಒಂದು ಉದ್ದವಾಗಿ ಗೋಡೆ ದಾಟುತ್ತಿತ್ತು, ಇನ್ನೊಂದು ಗೇಣಿನಷ್ಟು ಕಡಿಮೆ ಬೀಳುತ್ತಿತ್ತು. ನಮ್ಮವರು ಹುಲುಗಮ್ಮನ ಕೈಯಲ್ಲಿದ್ದ ಫೋಟೋವನ್ನು ಅಲ್ಲೇ ಬಗ್ಗಿ ನೋಡಿ, "ಆ ಗಂಟಿರೋದು ಬಲಕ್ಕ, ಸೊಟ್ಟಂದು ಅದರ ಬಾಜೂಕ" ಎಂದು ಕೂಗಿ ಹೇಳುತ್ತಿದ್ದರು. "ಇದ್ದು ಏನು ಮಾಡ್ತೈತಿ ಅಂತ ಕೇಳ್ತಿದ್ದೆಲ್ಲಾ" ಎಂದು ನನ್ನ ಕಡೆ ಒಮ್ಮೆ ನೋಡಿದರು. ನಾನು ಕೇಳಿಸದವಳ ಹಾಗೆ ಎಮ್ಮೆಯ ಕಡೆ ಹೋದೆ.

ಅರ್ಧದಷ್ಟು ಜಂತಿ ಕೂತಿರಬೇಕು. ಮೇಲಿದ್ದವನೊಬ್ಬ ಕೊಡಲಿಯ ಹಿಂಬದಿಯಿಂದ ಬಡಿಯಲು ಕೈ ಎತ್ತಿದಾಗ ಜಂಬಣ್ಣ ತಡೆದ. ಬೆರಳಿನಿಂದ ಒಳಗೆ ತೋರಿಸಿದ. ಎಮ್ಮೆಗೆ ಮೇವು ಹಾಕುವ ಗೋದಲಿಯ ಪಕ್ಕ, ಗಿಳಿ ಕಂಬದ ಬುಡಕ್ಕೆ ತಲೆ ಕೊಟ್ಟು ಹುಲುಗಮ್ಮ ನಿದ್ದೆ ಹೋಗಿದ್ದಳು. ಫೋಟೋ ಎದೆಯ ಮೇಲಿತ್ತು, ಅದರ ಮೇಲೆ ಕೈ ಇತ್ತು. ತಲೆಗೂದಲಿನ ಮೇಲೆ ಮಾಳಿಗೆಯ ಮಣ್ಣು ಉದುರಿದ್ದರೂ ಅವಳಿಗೆ ಗೊತ್ತಾಗಿರಲಿಲ್ಲ.

"ಇರ್ರಿ. ಮಲ್ಕಳ್ಳಿ" ಎಂದ ಜಂಬಣ್ಣ.

ಮೇಲಿದ್ದವರು ಇದ್ದಲ್ಲಿಯೇ ಕಾಲು ಇಳಿಬಿಟ್ಟುಕೊಂಡು ಬೀಡಿ ಹಚ್ಚಿದರು. ದ್ಯಾಮಕ್ಕ ಬಳೆ ಸದ್ದಾಗದ ಹಾಗೆ ಚಹಾ ತಂದು ಕೊಟ್ಟಳು. ಪಶ್ಚಿಮದ ಮೋಡ ಒಡೆದು ಆಚೆ ಹೋಗಿತ್ತು. ರಸ್ತೆಯಲ್ಲಿ ಸಂಜೆಯ ಬಸ್ಸು ಹಾರ್ನ್ ಹಾಕಿತು, ನಿಂತಿತು, ಮತ್ತೆ ಹಾಕಿತು. ನಾನು ನಮ್ಮವರನ್ನು ನೋಡಿದೆ. ಹಾರ್ನ್ ಕೇಳಿದರೆ ಓಡುವ ಮನುಷ್ಯ ಎರಡು ಕ್ಯಾಮೆರಾಗಳನ್ನೂ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬಸ್ಸು ಹೋಯಿತು. ನಾನು ಚಹಾ ಕುಡಿದೆ.